ನೂರನೇ ಪುಟ

ನಮ್ಮ ಆಫೀಸಿನ ಹುಡುಗ ಬಾಲಮಂಗಳ ಓದಿ ಬೆಳೆದವನು. ಒಂದು ಮಧ್ಯಾಹ್ನ ನನ್ನ ಬ್ಯಾಗಿನಲ್ಲಿ ಕಾಮಿಕ್ಸ್ ಕಂಡು ಅವನಿಗೆ ನಗು ತಡೆಯಲಾಗಲಿಲ್ಲ. “ಈ ವಯಸ್ಸಲ್ಲೂ ಇದನ್ನ ಓದ್ತೀರಾ ಸಾರ್? ನಂಗೂ ಒಂದು ಕೊಡಿ ನೋಡೋಣ.”

ಇಂಥ ಮಾತಿಗೆ ಇಪ್ಪತ್ತು ವರ್ಷದಿಂದ ಕಾದಿದ್ದವನು ನಾನು. ಊಟದ ಡಬ್ಬಿ ಮುಚ್ಚಿಟ್ಟು ಭಾಷಣ ಶುರು ಹಚ್ಚಿಕೊಂಡೆ. ಇರಾನಿನ ಕ್ರಾಂತಿಯನ್ನು ಪುಟ್ಟ ಹುಡುಗಿಯ ಕಣ್ಣಿಂದ ಕಾಣಿಸುವ ಮರ್ಜಾನೆ ಸತ್ರಪಿಯ ‘ಪರ್ಸೆಪೊಲಿಸ್’ ಆಯಿತು. ಗೊಂಡ ಕಲಾವಿದರಾದ ದುರ್ಗಾಬಾಯಿ ಮತ್ತು ಸುಭಾಷ್ ವ್ಯಾಮ್ ಅಂಬೇಡ್ಕರರ ಬದುಕನ್ನು ಚಿತ್ರಿಸಿದ ‘ಭೀಮಾಯಣ’ ಆಯಿತು. “ಅದರಲ್ಲಿ ಕೆಟ್ಟ ಮಾತಿನ ಗುಳ್ಳೆಗೆ ಚೇಳಿನ ಕೊಂಡಿ ಇರುತ್ತೆ ಕಣಯ್ಯಾ” ಎಂದಾಗ ಕಣ್ಣರಳಿಸಿದ. ಅದನ್ನೇ ಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು. ಮರುದಿನ ನಾನು ತಂದದ್ದು ಆರ್ಟ್ ಸ್ಪೀಗೆಲ್‌ಮನ್‌ನ ‘ಮೌಸ್’, ಮೊದಲ ಭಾಗ. 1992ರಲ್ಲಿ ಪುಲಿಟ್ಜರ್ ಬಂದ ಕಾಮಿಕ್ಸ್ ಎಂದು ಎರಡೆರಡು ಸಲ ಹೇಳಿದೆ.

ರಕ್ಷಾಪುಟ ನೋಡಿ, “ನಮ್ಮ ಬಾಲಮಂಗಳದ ಡಿಂಗನ ಥರ ಇದೂ ಇಲೀನಾ ಸಾರ್?” ಎಂದ. ಯಹೂದಿಗಳು ಇಲಿ, ನಾಜಿಗಳು ಬೆಕ್ಕು. ಆಶ್ವಿಟ್ಜ್‌ನಿಂದ ಜೀವಂತ ಬಂದ ಅಪ್ಪನ ಕತೆಯನ್ನು ಮಗ ಕೂತು ಕೇಳಿ ಬಿಡಿಸಿದ್ದು ಎಂದೆ. ಅವನ ನಗು ನಿಂತಿತು. ಪುಸ್ತಕವನ್ನು ಎರಡೂ ಕೈಯಲ್ಲಿ ತಗೊಂಡ. ನನಗೆ ಬೇಕಾಗಿದ್ದದ್ದೂ ಅದೇ.

ಹದಿನೈದು ದಿನ ಕಳೆದು, ಪೇಪರಿನಲ್ಲಿ ಸುತ್ತಿ ವಾಪಸು ಕೊಟ್ಟ. “ಚೆನ್ನಾಗಿದೆ ಸಾರ್. ನೂರನೇ ಪುಟಕ್ಕೆ ನಿಲ್ಲಿಸಿದೆ.” ಮುಖ ನೋಡದೆ ಹೋಗಿ ಕಂಪ್ಯೂಟರ್ ಮುಂದೆ ಕೂತ. ಇಂಗ್ಲಿಷ್ ಕಷ್ಟವಾಯಿತೇನೋ ಅಂದುಕೊಂಡೆ. ಹಾಗೆ ಅಂದುಕೊಂಡೆನಲ್ಲ, ಅದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ರಾತ್ರಿ ತೆರೆದು ನೋಡಿದೆ. ನೂರನೇ ಪುಟದಲ್ಲಿ ಇಲಿಗಳಿಲ್ಲ, ಮನುಷ್ಯರ ಮುಖ. ಸುತ್ತ ಕಪ್ಪು ಅಂಚು. ಹಳೆಯದೊಂದು ಕಾಮಿಕ್ಸನ್ನು ಯಾರೋ ಹಿಡಿದು ಓದುತ್ತಿರುವಂತೆ ಮೂಲೆಯಲ್ಲಿ ಬಿಡಿಸಿದ ಹೆಬ್ಬೆರಳು; ಮೇಲೆ ತಾಯಿ ಮಗನ ಒಂದು ಫೋಟೊ. 1968ರಲ್ಲಿ ಸ್ಪೀಗೆಲ್‌ಮನ್‌ನ ತಾಯಿ ತನ್ನ ಪ್ರಾಣ ತಾನೇ ಕಳೆದುಕೊಂಡಳು. ಅದರ ಬಗ್ಗೆ ಹಿಂದೆ ಬೇರೆಯಾಗಿ ಬರೆದಿದ್ದ ನಾಲ್ಕು ಪುಟಗಳನ್ನು ಅವನು ‘ಮೌಸ್’ನೊಳಗೆ ಹಾಗ್ಹಾಗೇ ಸೇರಿಸಿದ್ದಾನೆ. ಅದರಲ್ಲಿ ಮಗ ಕೈದಿಗಳ ಪಟ್ಟೆ ಬಟ್ಟೆ ತೊಟ್ಟಿದ್ದಾನೆ.

ನಮ್ಮ ಹುಡುಗನ ಅಮ್ಮ ಹೋದದ್ದು ಹೇಗೆಂದು ಆಫೀಸಿಗೆಲ್ಲ ಗೊತ್ತಿತ್ತು. ಮಣ್ಣಿಗೆ ಹೋಗಿಬಂದವರಲ್ಲಿ ನಾನೂ ಒಬ್ಬ. ಮೂರು ಸಲ ಓದಿದ ಪುಸ್ತಕ, ಆದರೂ ಕೊಡುವಾಗ ಆ ನಾಲ್ಕು ಪುಟ ನೆನಪಾಗಲಿಲ್ಲ. ಪುಲಿಟ್ಜರ್ ನೆನಪಿತ್ತು.

ಬೇರೆ ಏನಾದರೂ ಕೊಡೋಣವೆಂದು ಕಪಾಟಿನ ಮುಂದೆ ಕೂತೆ. ಅಮೃತಾ ಪಾಟೀಲರ ‘ಕರಿ’ ತೆಗೆದರೆ ಶುರುವಿನಲ್ಲೇ ಇಬ್ಬರು ಹುಡುಗಿಯರು ಕಟ್ಟಡದಿಂದ ಹಾರುತ್ತಾರೆ. ಆಲಿಸನ್ ಬೆಕ್‌ಡೆಲ್‌ರ ‘ಫನ್ ಹೋಮ್’ನಲ್ಲಿ ಅಪ್ಪ ಟ್ರಕ್ಕಿಗೆ ಸಿಕ್ಕಿದ್ದು ಅಪಘಾತವೋ, ಬೇಕೆಂದೇ ಮಾಡಿಕೊಂಡದ್ದೋ ಎಂದು ಮಗಳು ಮತ್ತೆಮತ್ತೆ ಕೆದಕುತ್ತಾಳೆ. ಒಂದೊಂದನ್ನೇ ಒಳಗಿಟ್ಟೆ. ಕಾಮಿಕ್ಸ್ ಮಕ್ಕಳಾಟಿಕೆಯಲ್ಲವೆಂದು ಕಂಡಕಂಡವರಿಗೆ ಸಾಬೀತು ಮಾಡುವ ಹಟದಲ್ಲಿ ಸಾವಿನ ಪುಸ್ತಕಗಳನ್ನೇ ಕೂಡಿಹಾಕಿಕೊಂಡಿದ್ದೆ. ದೊಡ್ಡ ಪುಸ್ತಕಗಳೇ, ತಕರಾರಿಲ್ಲ. ಆದರೆ ಹುಡುಗ ಕೇಳಿದ್ದು ನಗುತ್ತಾ.

ಕೆಳಗಿನ ಸಾಲಿನಲ್ಲಿ ಜಪಾನಿನ ಜಿರೋ ತಾನಿಗುಚಿಯ ‘ದಿ ವಾಕಿಂಗ್ ಮ್ಯಾನ್’ ಇತ್ತು. ಏನೂ ನಡೆಯುವುದಿಲ್ಲವೆಂದು ನಾನೇ ಬದಿಗಿಟ್ಟದ್ದು. ಅದರಲ್ಲಿ ಒಬ್ಬ ನಡೆಯುತ್ತಾನೆ, ಅಷ್ಟೆ. ಮರ ಹತ್ತುತ್ತಾನೆ, ರಾತ್ರಿ ಕೊಳದಲ್ಲಿ ಈಜುತ್ತಾನೆ. ಪುಟಗಟ್ಟಲೆ ಮಾತಿಲ್ಲ.

ಮರುದಿನ ಟೀ ಕುಡಿಯುವಾಗ, “ಆ ಪುಟ... ನಾನು ನೋಡಿ ಕೊಡಬೇಕಿತ್ತು ಕಣಯ್ಯಾ” ಎಂದೆ. ಅವನು ಗ್ಲಾಸು ತಿರುಗಿಸುತ್ತಾ ಕೂತಿದ್ದ.

“ಆ ಬೆರಳು ಯಾರ್ದು ಸಾರ್?”

“ಬರೆದವನದೇ.”

ಹೂಂ ಎಂದ. ತಾನಿಗುಚಿ ಇನ್ನೂ ನನ್ನ ಬ್ಯಾಗಿನಲ್ಲೇ ಇದ್ದ.