ಫೈರ್‌ಫಾಕ್ಸ್ ಬಿಟ್ಟು ಕ್ರೋಮ್‌ಗೆ ಬಂದಿದ್ದೀನಿ, ಯಾಕೆ ಅಂದ್ರೆ



ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ. ಇಷ್ಟು ವರ್ಷ ಬಳಸಿದ ಫೈರ್‌ಫಾಕ್ಸ್ ಬಿಟ್ಟು ಹೋದ ತಿಂಗಳಿಂದ ಕ್ರೋಮ್ ಬಳಸ್ತಿದ್ದೀನಿ. "ಇದೂ ಪೋಸ್ಟ್ ಹಾಕೋ ವಿಷಯಾನಾ ಅಣ್ಣಾ?" ಅಂತ ನಮ್ಮ ಹುಡುಗರೇ ಕೇಳಿದ್ರು. ಹೌದು, ವಿಷಯಾನೇ. ಇದರಲ್ಲಿ ನಮ್ಮ ಮಕ್ಕಳ ಸ್ಕಾಲರ್‌ಶಿಪ್ ಇದೆ.

ನಾನು ಕಚೇರಿಯಲ್ಲಿ ಕಂಪ್ಯೂಟರ್ ಮುಟ್ಟಿದ ಹೊಸದರಲ್ಲಿ ಇಂಟರ್‌ನೆಟ್ ಅಂದ್ರೆ ನೀಲಿ 'ಇ' ಅಕ್ಷರದ ಎಕ್ಸ್‌ಪ್ಲೋರರ್, ಅಷ್ಟೇ. ಅದರ ಏಕಚಕ್ರಾಧಿಪತ್ಯಕ್ಕೆ ಎದುರಾಗಿ 2004ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ ಬಂತು. ಲಾಭಕ್ಕಾಗಿ ನಡೆಯದ ಮೊಜಿಲ್ಲಾ ಫೌಂಡೇಶನ್ ಅದರ ಹಿಂದಿತ್ತು. ಅದರ ಕೋಡ್ ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು. ಸ್ವಯಂಸೇವಕರು ಕೂತು ಅದರ ಮೆನುಗಳನ್ನು ಕನ್ನಡಕ್ಕೂ ತಂದರು. ಓದುಬರಹವನ್ನೇ ಸಾವಿರಾರು ವರ್ಷ ಬೀಗ ಹಾಕಿಟ್ಟ ದೇಶದಲ್ಲಿ ಹುಟ್ಟಿದವನಿಗೆ ಅದು ಇಷ್ಟವಾಗದೆ ಇರುತ್ತಾ?

ಈಗ ನಡೆದದ್ದು ಹೇಳ್ತೀನಿ. ಸಂಜೆ ಕೆಲಸ ಮುಗಿದ ಮೇಲೆ ನಮ್ಮ ಕಾಲೋನಿ ಮಕ್ಕಳ ಅರ್ಜಿ ತುಂಬಿಕೊಡೋದು ನನ್ನ ರೂಢಿ. ಸೈಬರ್ ಸೆಂಟರ್‌ನಲ್ಲಿ ಒಂದೊಂದು ಅರ್ಜಿಗೂ ದುಡ್ಡು ಕೇಳ್ತಾರೆ. ಈ ಸಲ ಒಂದು ವೆಬ್‌ಸೈಟ್‌ನಲ್ಲಿ ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್ ಹಾಕಿ, ಓಟಿಪಿ ಕೊಟ್ಟು, ಸಬ್ಮಿಟ್ ಒತ್ತಿದ್ರೆ ಪುಟ ಬಿಳಿ. ಮತ್ತೆ ಮೊದಲಿಂದ ತುಂಬಿದೆ, ಮತ್ತೆ ಬಿಳಿ. ಸಹಾಯವಾಣಿಗೆ ಫೋನ್ ಮಾಡಿದ್ರೆ "ಕ್ರೋಮಲ್ಲಿ ಟ್ರೈ ಮಾಡಿ ಸರ್" ಅಂದ್ರು. ಅದೇ ಅರ್ಜಿ, ಅದೇ ಫೈಲು ಕ್ರೋಮ್‌ನಲ್ಲಿ ಎರಡೇ ನಿಮಿಷಕ್ಕೆ ಹೋಯ್ತು. ಕೊನೇ ದಿನಾಂಕಕ್ಕೆ ಮೂರು ದಿನ ಉಳಿದಿತ್ತು. ಅರ್ಜಿ ಒಬ್ಬ ಪೌರಕಾರ್ಮಿಕ ತಾಯಿಯ ಮಗಳದ್ದು. ನನ್ನ ಸಿದ್ಧಾಂತಕ್ಕೆ ಆ ಹುಡುಗಿ ಯಾಕೆ ಫೀಸು ಕಟ್ಟಬೇಕು? ಅವತ್ತೇ ಬದಲಾಯಿಸಿದೆ. ಅದರ ಬಗ್ಗೆ ನನಗೆ ಬೇಸರವಿಲ್ಲ.

ಆದ್ರೆ ಹೀಗ್ಯಾಕೆ ಆಗುತ್ತೆ ಅನ್ನೋದು ನಮಗೆ ಗೊತ್ತಿರಬೇಕು. ಪ್ರತಿ ಬ್ರೌಸರ್ ಒಳಗೂ ಪುಟವನ್ನು ಓದಿ ತೋರಿಸೋ ಒಂದು ಎಂಜಿನ್ ಇರುತ್ತೆ. ಫೈರ್‌ಫಾಕ್ಸ್‌ಗೆ ತನ್ನದೇ ಎಂಜಿನ್ ಇದೆ. ಕ್ರೋಮ್ ಬಂದದ್ದು 2008ರಲ್ಲಿ. ಇವತ್ತು ಎಡ್ಜ್, ಒಪೆರಾ, ಬ್ರೇವ್ ಎಲ್ಲದರ ಕಂಪ್ಯೂಟರ್ ಆವೃತ್ತಿಯಲ್ಲೂ ಇರೋದು ಕ್ರೋಮ್‌ನ ಎಂಜಿನ್ನೇ. ಅಂಗಡಿ ಹಲವು, ಗಿರಣಿ ಒಂದೇ. ಹಾಗಾಗಿ ವೆಬ್‌ಸೈಟ್ ಮಾಡೋರು ಕ್ರೋಮ್‌ನಲ್ಲಿ ಮಾತ್ರ ನೋಡಿ ಕೈತೊಳ್ಕೊಳ್ತಾರೆ. ಉಳಿದವರಿಗೆ ಬಿಳಿ ಪುಟ.

1993ರಲ್ಲಿ ಸರ್ನ್ ಸಂಸ್ಥೆ ವೆಬ್ ತಂತ್ರಜ್ಞಾನವನ್ನು ಯಾರಿಗೂ ಹಣ ಕಟ್ಟಬೇಕಿಲ್ಲದಂತೆ ಎಲ್ಲರಿಗೂ ಬಿಟ್ಟುಕೊಟ್ಟಿತು. ಅಂದ್ರೆ ಇದು ಊರ ಕೆರೆ. 1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಇಳಿದದ್ದು ಬಾಯಾರಿಕೆಗಲ್ಲ, ಹಕ್ಕಿಗೆ. ಸರ್ಕಾರದ ಸೇವೆ ಪಡೆಯೋಕೆ ಒಂದು ಕಂಪನಿಯ ಮೆಟ್ಟಿಲನ್ನೇ ಇಳಿಯಬೇಕು ಅಂದ್ರೆ ನಾವು ಪ್ರಶ್ನೆ ಕೇಳಲೇಬೇಕು.

ಅದೂ ಎಂಥ ಕಂಪನಿ? 2022ರಲ್ಲಿ ತೇನ್‌ಮೊಳಿ ಸೌಂದರರಾಜನ್ ಅವರು ಜಾತಿಯ ಬಗ್ಗೆ ಗೂಗಲ್‌ನಲ್ಲಿ ಮಾತಾಡಬೇಕಿತ್ತು. ಒಳಗಿನ ಕೆಲವು ನೌಕರರು ವಿರೋಧಿಸಿದ ಮೇಲೆ ಕಾರ್ಯಕ್ರಮ ರದ್ದಾಯ್ತು. ಅವರನ್ನು ಕರೆದಿದ್ದ ತನುಜಾ ಗುಪ್ತಾ ರಾಜೀನಾಮೆ ಕೊಟ್ಟು ಹೊರಬಂದರು. ಅದೇ ವರ್ಷ ನಮ್ಮ ದೇಶದ ಸ್ಪರ್ಧಾ ಆಯೋಗ ಆಂಡ್ರಾಯ್ಡ್ ವಿಷಯದಲ್ಲಿ ಗೂಗಲ್‌ಗೆ 1,337 ಕೋಟಿ ರೂಪಾಯಿ ದಂಡ ಹಾಕಿತು. ಹಾಗಂತ ಮೊಜಿಲ್ಲಾ ಸಂತನೇನಲ್ಲ. ಅದರ ಆದಾಯದ ದೊಡ್ಡ ಪಾಲು ಬರೋದು ಗೂಗಲ್ ಹುಡುಕಾಟವನ್ನು ಮುಂದಿಟ್ಟಿದ್ದಕ್ಕೆ ಗೂಗಲ್ ಕೊಡೋ ಹಣದಿಂದಲೇ. ವ್ಯಕ್ತಿಪೂಜೆ ಬೇಡ ಅಂದವರ ಮಕ್ಕಳು ನಾವು, ಬ್ರೌಸರ್ ಪೂಜೆಯೂ ಬೇಡ.

ಬದಲಾಯಿಸೋ ಕಾರ್ಯಕರ್ತರಿಗೆ ಮೂರು ಮಾತು. ಕಚೇರಿ ಕಂಪ್ಯೂಟರ್‌ನ ಕ್ರೋಮ್‌ನಲ್ಲಿ ನಿಮ್ಮ ಖಾಸಗಿ ಜಿಮೇಲ್ ಹಾಕಿ ಸಿಂಕ್ ಆನ್ ಮಾಡಬೇಡಿ, ಮನೆಯಲ್ಲಿ ನೋಡಿದ್ದೆಲ್ಲ ಅಲ್ಲಿಗೂ ಬಂದು ಕೂರುತ್ತೆ. ಸಂಘಟನೆ ಕೆಲಸಕ್ಕೆ ಬೇರೆ ಪ್ರೊಫೈಲ್ ಮಾಡಿಕೊಳ್ಳಿ. ಇನ್‌ಕಾಗ್ನಿಟೋ ಅಂದ್ರೆ ಅದೃಶ್ಯ ಅಲ್ಲ, ಆ ಕಂಪ್ಯೂಟರ್‌ನಲ್ಲಿ ಹಿಸ್ಟರಿ ಉಳಿಯಲ್ಲ ಅಷ್ಟೇ. ಕಚೇರಿಯ ನೆಟ್‌ವರ್ಕ್ ನೋಡಿಕೊಳ್ಳೋರಿಗೆ ನೀವು ಯಾವ ಸೈಟ್‌ಗೆ ಹೋದ್ರಿ ಅಂತ ಕಾಣಬಹುದು.

ಇನ್ನೊಂದು ಕೆಲಸ ಬಾಕಿ ಇದೆ. ಸರ್ಕಾರಿ ವೆಬ್‌ಸೈಟ್‌ಗಳನ್ನು ಬೇರೆ ಬೇರೆ ಬ್ರೌಸರ್‌ಗಳಲ್ಲಿ ಪರೀಕ್ಷಿಸಬೇಕು ಅಂತ ಕೇಂದ್ರ ಸರ್ಕಾರದ್ದೇ ಮಾರ್ಗಸೂಚಿ ಇದೆ. ಆ ಪರೀಕ್ಷೆ ಯಾವಾಗ ಮಾಡಿದ್ರಿ, ವರದಿಯ ನಕಲು ಕೊಡಿ ಅಂತ ಆರ್‌ಟಿಐ ಹಾಕ್ತಿದ್ದೀನಿ. ನಿಮ್ಮ ಊರಲ್ಲೂ ಬಿಳಿ ಪುಟ ಬಂದಿದ್ರೆ ಸ್ಕ್ರೀನ್‌ಶಾಟ್ ತೆಗೆದು, ಮಗುವಿನ ಹೆಸರು, ನಂಬರ್ ಮರೆಮಾಡಿ ನನಗೆ ಕಳಿಸಿ. ಒಟ್ಟಿಗೆ ಸೇರಿಸಿ ಕೊಡೋಣ.

ಜೈ ಭೀಮ್.