ಗದರಿಕೆಯೂ ಮದ್ದೂ

ಹೊನ್ನಾಳಿಯ ನಮ್ಮ ಬಂಧುಗಳ ಮನೆಯಲ್ಲಿ ಚಿತ್ತ ಒಂದೆಡೆ ನಿಲ್ಲದ ಬಾಲಕನೊಬ್ಬನುಂಟು. ಅವನು ಆಗಾಗ ಕಣ್ಣು ಮಿಟುಕಿಸುವನು, ಹೆಗಲು ಕೊಡಹುವನು. ಗದರಿದಷ್ಟೂ ಅದು ಹೆಚ್ಚುವುದನ್ನು ಕಂಡಿದ್ದೇನೆ. ಅದು ತುಂಟತನವಲ್ಲ, ತಾನಾಗಿ ಬರುವ ಸೆಳೆತ.

ಇಂಥ ಮಕ್ಕಳಿಗೆ ಉತ್ತೇಜಕ ಔಷಧದಿಂದ ಸೆಳೆತ ಹೆಚ್ಚೀತೆಂಬ ಭಯ ಬಹುಕಾಲ ಇದ್ದಿತು. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರೀಕ್ಷೆಯೊಂದು ಅದನ್ನು ಬಹುಮಟ್ಟಿಗೆ ಕಳೆಯಿತು. ಉತ್ತೇಜಕವಲ್ಲದ ಕ್ಲೋನಿಡಿನ್ ಚಾಂಚಲ್ಯ, ಸೆಳೆತಗಳೆರಡನ್ನೂ ತಗ್ಗಿಸಬಲ್ಲುದೆಂದೂ ಅದರಲ್ಲಿ ಕಂಡುಬಂದಿತು. ಇದು ರಕ್ತದೊತ್ತಡವನ್ನಿಳಿಸುವ ಹಳೆಯ ಮದ್ದು, ತೂಕಡಿಕೆ ತರುವುದು. ಗುಣ ಕಂಡಿತೆಂದೋ, ಮಾತ್ರೆ ತೀರಿತೆಂದೋ ಥಟ್ಟನೆ ಬಿಟ್ಟರೆ ಒತ್ತಡ ಒಮ್ಮೆಗೇ ಏರಬಹುದು.

ಆದುದರಿಂದ ಚನ್ನಗಿರಿ, ನ್ಯಾಮತಿ, ಜಗಳೂರು ಸೀಮೆಯ ತಾಯಿತಂದೆಗಳು ಮಾತ್ರೆ ಮುಗಿಯುವ ಮೊದಲೇ ತರಿಸಿಕೊಳ್ಳಲಿ. ಬಿಡಿಸುವುದಾದರೆ ವೈದ್ಯರು ಹೇಳಿದಂತೆ ಮೆಲ್ಲಮೆಲ್ಲನೆ ಬಿಡಿಸಲಿ. ಗದರುವುದನ್ನಾದರೋ ಇಂದೇ ಬಿಡಬಹುದು.