ಎಹ್ತಿಯಾತ್ ಮತ್ತು ಹುಷಾರು

ಉರ್ದುವಿನಲ್ಲಿ 'ಎಹ್ತಿಯಾತ್' ಎಂಬ ಮಾತಿದೆ. ಕನ್ನಡದಲ್ಲಿ ಎಚ್ಚರಿಕೆ ಎಂದು ಹೇಳಿದರೆ ಅರ್ಥ ಪೂರ್ತಿ ಬರುವುದಿಲ್ಲ. ಹಾಲು ಉಕ್ಕದಂತೆ ನೋಡಿಕೊಳ್ಳುವುದು ಎಚ್ಚರಿಕೆ. ಉಕ್ಕೀತೆಂದು ಮೊದಲೇ ದೊಡ್ಡ ಪಾತ್ರೆ ಇಡುವುದು ಎಹ್ತಿಯಾತ್. ಅದು ಅತಿಯಾದರೆ ಒಲೆಯನ್ನೇ ಹಚ್ಚದೆ ಕೂರುತ್ತೇವೆ.

ಈ ಪದದ ಅರಬಿ ಮೂಲಕ್ಕೆ ಸುತ್ತುವರಿಯುವುದು, ಕಾಯುವುದು ಎಂಬ ಅರ್ಥಗಳಿವೆ. ಮನೆಯ ಸುತ್ತಲಿನ ಆವರಣಕ್ಕೆ ನಾವು ಹೇಳುವ 'ಎಹಾತ' ಎಂಬ ಪದವೂ ಅದೇ ಮೂಲದ್ದು. ಅರಬಿಯಲ್ಲಿ ಗೋಡೆಯ ಹೆಸರೂ ಅಲ್ಲಿಂದಲೇ ಬಂದಿದೆ. ನಮಾಝಿನಲ್ಲಿ ಮೂರು ರಕಅತ್ ಆಯಿತೋ ನಾಲ್ಕೋ ಎಂಬ ಸಂಶಯ ನೀಗದಿದ್ದರೆ ಮೂರೆಂದೇ ಎಣಿಸಿ ಇನ್ನೊಂದನ್ನು ಪೂರೈಸುತ್ತೇವೆ. ಅಂಥ ಎಹ್ತಿಯಾತಿನಿಂದ ಯಾರಿಗೂ ನಷ್ಟವಿಲ್ಲ.

ಕನ್ನಡದ 'ಹುಷಾರು' ಬೇರೆ ದಾರಿ ಹಿಡಿದ ಮಾತು. ಪಾರಸಿಯಲ್ಲಿ 'ಹೋಶ್' ಎಂದರೆ ಪ್ರಜ್ಞೆ. ಉರ್ದುವಿನ 'ಹೋಶಿಯಾರ್' ಜಾಣನೂ ಹೌದು, ಎಚ್ಚರವಾಗಿರುವವನೂ ಹೌದು. ಕನ್ನಡಿಗರು ಈ ಎರಡನ್ನೂ ಉಳಿಸಿಕೊಂಡು ಅದಕ್ಕೆ ಆರೋಗ್ಯವನ್ನೂ ಸೇರಿಸಿದರು. "ಹುಡುಗ ಲೆಕ್ಕದಲ್ಲಿ ಹುಷಾರು," "ಹುಷಾರಾಗಿ ಹೋಗಿ ಬಾ," "ಅಮ್ಮನಿಗೆ ಹುಷಾರಿಲ್ಲ" ಎಂಬ ಮೂರು ಮಾತೂ ಹಾಸನದ ಮನೆಗಳಲ್ಲಿ ದಿನವೂ ಕೇಳಿಸುತ್ತವೆ. 'ಖಬರ್ದಾರ್' ಕನ್ನಡಕ್ಕೆ ಬಂದು ಬೆದರಿಕೆಯಾಯಿತು. 'ಹುಷಾರು' ಮಾತ್ರ ಯೋಗಕ್ಷೇಮ ವಿಚಾರಿಸುವ ಮಾತಾಯಿತು.

ಈ ಎರಡು ಪದಗಳ ನಡುವಿನ ದೂರ ನಮಗೆ ಚೆನ್ನಾಗಿ ತಿಳಿದದ್ದು 2025ರ ಸೆಪ್ಟೆಂಬರ್‌ನಲ್ಲಿ. 12ನೇ ತಾರೀಕಿನ ರಾತ್ರಿ ಹಾಸನ ತಾಲ್ಲೂಕಿನ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯ ಮೇಲೆ ಲಾರಿ ನುಗ್ಗಿತು. ಹಲವರು ಜೀವ ಕಳೆದುಕೊಂಡರು. ಅವರಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಹುಡುಗರೂ ಇದ್ದರು. ಸುದ್ದಿ ತಿಳಿದಾಗ ನಮ್ಮ ಓಣಿಯ ಹಿರಿಯರೊಬ್ಬರು, ಸತ್ತವರೆಷ್ಟು ಎಂದು ಕೇಳುವ ಮೊದಲೇ, "ಡ್ರೈವರ್ ಕೌನ್ ಥಾ?" ಎಂದು ಕೇಳಿದರು. ಅವರ ದನಿಯಲ್ಲಿ ಕುತೂಹಲವಿರಲಿಲ್ಲ, ಎಹ್ತಿಯಾತ್ ಇತ್ತು. ಒಬ್ಬನ ಹೆಸರು ಹಿಡಿದು ಇಡೀ ಓಣಿಯನ್ನು ಕಟಕಟೆಗೆ ನಿಲ್ಲಿಸುವ ಕಾಲದಲ್ಲಿ ಆ ಪ್ರಶ್ನೆಗೆ ಅವರನ್ನು ದೂರುವುದು ನ್ಯಾಯವಲ್ಲ. ಆದರೂ ಹೆಸರು ತಿಳಿಯುವವರೆಗೆ ದುಃಖ ಬಾಗಿಲ ಹೊರಗೇ ಕಾಯಬೇಕಾಯಿತು ಎಂಬುದು ಸಣ್ಣ ಸಂಗತಿಯೇನಲ್ಲ.

ಮಾರನೆಯ ದಿನ ಅದೇ ಹಿರಿಯರು ಟೀ ಅಂಗಡಿಯಲ್ಲಿ ಕನ್ನಡದಲ್ಲಿ ಕೇಳಿದರು: "ಆಸ್ಪತ್ರೆಯಲ್ಲಿರೋ ಮಕ್ಕಳು ಹುಷಾರಾದ್ರೇನಪ್ಪ?" ಈ ಪ್ರಶ್ನೆಗೆ ಯಾರ ಹೆಸರೂ ಬೇಕಿರಲಿಲ್ಲ.

ಅದೇ ಸೀಮೆಯ ಮೊಸಳೆ ಗ್ರಾಮದಲ್ಲಿ ಹೊಯ್ಸಳರ ಕಾಲದ ಎರಡು ಗುಡಿಗಳಿವೆ. ಒಂದು ನಾಗೇಶ್ವರನದು, ಇನ್ನೊಂದು ಚೆನ್ನಕೇಶವನದು. ಶಿವನದೊಂದು, ವಿಷ್ಣುವಿನದೊಂದು, ರೂಪದಲ್ಲಿ ಮಾತ್ರ ಅವಳಿಗಳು. ಕೆಲವೇ ಅಡಿ ಅಂತರದಲ್ಲಿ ಒಂದೇ ಎಹಾತದೊಳಗೆ ಎಂಟುನೂರು ವರ್ಷಗಳಿಂದ ನಿಂತಿವೆ. ಸುತ್ತುವರಿಯುವುದೇ ಎಹ್ತಿಯಾತ್ ಎಂದಾದರೆ ಆ ಸುತ್ತಿನೊಳಗೆ ಯಾರಿದ್ದಾರೆ ಎಂಬುದನ್ನೂ ಕೇಳಿಕೊಳ್ಳಬೇಕು. ನಮ್ಮ ಮನೆ, ನಮ್ಮ ಓಣಿ ಎಂದು ಗೆರೆ ಎಳೆದುಕೊಂಡರೆ ಅದು ಗೋಡೆ. ಪಕ್ಕದ ಮನೆಯ ಹುಡುಗನನ್ನೂ ಸೇರಿಸಿಕೊಂಡರೆ ಅದು ಕಾವಲು. ಎರಡನ್ನೂ ಕಟ್ಟಲು ಪಡುವ ಜತನ ಒಂದೇ.